ಕಡಲಿಗೆ ಮರಳಿದವುಗಳ ಲೆಕ್ಕ

ಬಂದರಿನ ದಕ್ಕೆಯಲ್ಲಿ ತೂಗಿದ ಮೀನಿನ ಲೆಕ್ಕ ಸರಕಾರದ ಕಡತದಲ್ಲಿರುತ್ತದೆ. ದೋಣಿಯಿಂದಲೇ ಕಡಲಿಗೆ ವಾಪಸು ಬಿಟ್ಟವುಗಳ ಲೆಕ್ಕ? ಅದು ಬಿಟ್ಟವನಿಗೆ ಮಾತ್ರ ಗೊತ್ತು. ಅಮೆರಿಕದ ಈಶಾನ್ಯ ಕರಾವಳಿಯ ಲಾಬ್‌ಸ್ಟರ್ ಮೀನುಗಾರಿಕೆಯಲ್ಲಿ ಈ ಎರಡನೆಯ ಲೆಕ್ಕಕ್ಕೂ ಭಾರಿ ಬೆಲೆಯಿದೆ.

ಲಾಬ್‌ಸ್ಟರ್ ಎಂಬುದು ಸಿಗಡಿ, ಏಡಿಗಳ ದಾಯಾದಿ. ನಮ್ಮ ಕರಾವಳಿಯ ಜಾತಿಗೆ ಉದ್ದನೆಯ ಮುಳ್ಳುಮೀಸೆ; ಅಲ್ಲಿಯದಕ್ಕೆ ಎರಡು ದಪ್ಪ ಕೊಂಡಿಗಳು. ಬೋನು ಇಳಿಬಿಟ್ಟು ಹಿಡಿಯುತ್ತಾರೆ. ನಿಗದಿತ ಅಳತೆಗಿಂತ ಚಿಕ್ಕವನ್ನು, ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣುಗಳನ್ನು ಕಾನೂನಿನ ಪ್ರಕಾರ ಬಿಡಲೇಬೇಕು. ಅಂಥ ಹೆಣ್ಣಿನ ಬಾಲದಂಚಿಗೆ ಇಂಗ್ಲಿಷಿನ 'ವಿ' ಆಕಾರದ ಕಚ್ಚು ಹಾಕಿ ಬಿಡುವ ಹಳೆಯ ರೂಢಿಯೂ ಉಂಟು. ಮುಂದೊಂದು ದಿನ ಮೊಟ್ಟೆಯಿಲ್ಲದೆ ಬೋನಿಗೆ ಬಿದ್ದರೂ, ಇದು ತಾಯಿ ಎಂದು ಮತ್ತೊಬ್ಬ ಮೀನುಗಾರ ಗುರುತಿಸಿ ನೀರಿಗೆ ಬಿಡುತ್ತಾನೆ.

ಹೀಗೆ ಬಿಟ್ಟವೇ ನಾಳಿನ ಬೆಳೆ. ಚಿಪ್ಪು ಕಳಚುತ್ತ ಬೆಳೆಯುವ ಪ್ರಾಣಿಯಾದ್ದರಿಂದ ಮರದ ಉಂಗುರ ಎಣಿಸಿದಷ್ಟು ಸುಲಭವಾಗಿ ಅದರ ವಯಸ್ಸು ತಿಳಿಯದು. ಕಣ್ಣುಗುಳಿಯಿಂದ ಬೆನ್ನುಚಿಪ್ಪಿನ ಹಿಂದಂಚಿನವರೆಗಿನ ಅಳತೆಯೇ ಆಧಾರ.

ದಕ್ಷಿಣ ನ್ಯೂ ಇಂಗ್ಲೆಂಡಿನ ಕಡಲಲ್ಲಿ ಲಾಬ್‌ಸ್ಟರ್ ಸಂತತಿ ಕುಸಿದು, 2010ರಲ್ಲಿ ತಜ್ಞರ ಸಮಿತಿಯೊಂದು ಐದು ವರ್ಷ ಹಿಡಿಯುವುದನ್ನೇ ನಿಲ್ಲಿಸಬೇಕೆಂದು ಸಲಹೆ ಮಾಡಿತು. ಬೋನು ನಂಬಿ ಬದುಕುವವರಿಗೆ ಹೇಗಾಗಿರಬೇಡ! ನಿಷೇಧವೇನೋ ಜಾರಿಯಾಗಲಿಲ್ಲ. ಆದರೆ ದೂರದ ಆಳಕಡಲಿನ ಮಾಹಿತಿ ವಿಜ್ಞಾನಿಗಳ ಬಳಿ ತೀರ ಕಡಿಮೆಯಿತ್ತು. ಅಲ್ಲಿಗೆ ಬೇಸಗೆ ಚಳಿಗಾಲವೆನ್ನದೆ ಹೋಗುವವರು ಮೀನುಗಾರರೇ.

2013ರಲ್ಲಿ ರೋಡ್ ಐಲೆಂಡಿನ ವಾಣಿಜ್ಯ ಮೀನುಗಾರಿಕಾ ಸಂಶೋಧನಾ ಪ್ರತಿಷ್ಠಾನ ಈ ದೋಣಿಗಳನ್ನೇ ಕೆಲಸಕ್ಕೆ ಹಚ್ಚಿತು. ಮೀನುಗಾರರು ಕ್ಯಾಲಿಪರ್ ಹಿಡಿದು ಅಳೆಯುತ್ತಾರೆ: ಗಂಡೋ ಹೆಣ್ಣೋ, ಮೊಟ್ಟೆಯಿದೆಯೆ, ಚಿಪ್ಪು ಗಟ್ಟಿಯೋ ಮೆದುವೋ, ರೋಗವಿದೆಯೆ ಎಂದು ದೋಣಿಯಲ್ಲೇ ಟ್ಯಾಬ್ಲೆಟ್‌ನಲ್ಲಿ ದಾಖಲಿಸುತ್ತಾರೆ. ಮಾಮೂಲಿ ಬೋನಿಗೆ ಮರಿಗಳು ನುಸುಳಿ ಪಾರಾಗಲೆಂದು ಕಿಂಡಿ ಇರುತ್ತದೆ. ಮರಿಗಳ ಲೆಕ್ಕವೂ ಬೇಕಲ್ಲ, ಅದಕ್ಕಾಗಿ ಕಿಂಡಿಯಿಲ್ಲದ ಬೋನುಗಳನ್ನೂ ಇಳಿಸುತ್ತಾರೆ.

ತಾವೇ ಬರೆದುಕೊಟ್ಟ ಅಂಕಿಗಳು ನಾಳೆ ತಮ್ಮ ಹಿಡಿತವನ್ನೇ ಕಡಿತಗೊಳಿಸಬಹುದು ಎಂಬುದು ಇವರಿಗೆ ತಿಳಿಯದ್ದಲ್ಲ. ಆದರೂ ಅಳೆಯುತ್ತಾರೆ. ಅಂಕಿಗಳಿಲ್ಲದೆ ಬರುವ ಕಡಿತ ಅದಕ್ಕಿಂತ ಕುರುಡು ಎಂಬ ಲೆಕ್ಕಾಚಾರವೂ ಇದ್ದೀತು.

ಲಾಬ್‌ಸ್ಟರ್ ಬೋನಿಗೆ ತಾನಾಗಿ ಬೀಳುತ್ತಿದ್ದ ಜೋನಾ ಏಡಿಯನ್ನು ಹಿಂದೆ ಕೇಳುವವರಿರಲಿಲ್ಲ. ಬೆಲೆ ಬಂದ ಮೇಲೆ ಅದನ್ನೇ ಅರಸಿ ಹಿಡಿಯತೊಡಗಿದರು. 2015ರಲ್ಲಿ ನಿರ್ವಹಣಾ ಯೋಜನೆ ಬಂದು, ಚಿಪ್ಪು 4.75 ಅಂಗುಲ ಅಗಲವಿಲ್ಲದ ಏಡಿಯನ್ನು ಬಿಡಬೇಕೆಂದಾಯಿತು. ಅದರ ಸಂತತಿಯ ಮೊದಲ ಸಮಗ್ರ ಪರಿಶೀಲನೆ ನಡೆದದ್ದು 2023ರಲ್ಲಿ. ಆ ಕಡತದಲ್ಲಿ ಈ ದೋಣಿಗಳ ಅಳತೆಗಳೂ ಸೇರಿದ್ದವು.