ಕುಡಿತ ಬಿಡಿಸಲು ಕಂಪ್ಯೂಟರ್ ಪಾಠ

ಹೊಸೂರು: ಸಿಪ್ಕಾಟ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಹೊರಟ ಎಷ್ಟೋ ಜನರಿಗೆ ಮನೆಗಿಂತ ಮೊದಲು ಟಾಸ್ಮಾಕ್ ಅಂಗಡಿ ಎದುರಾಗುತ್ತದೆ. ಇನ್ನು ಮುಟ್ಟುವುದಿಲ್ಲ ಎಂದು ಬೆಳಿಗ್ಗೆ ಹೆಂಡತಿಗೆ ಮಾತು ಕೊಟ್ಟವನೂ ಸಂಜೆ ಅಲ್ಲಿ ನಿಂತುಬಿಡುತ್ತಾನೆ. ಬಿಡುವ ಮನಸ್ಸು ಅವನಿಗಿಲ್ಲ ಎಂದಲ್ಲ. ಅಂಗಡಿಯ ಮುಂದಿನ ಆ ಕೆಲವು ನಿಮಿಷ ದಾಟುವುದು ಹೇಗೆಂದು ಯಾರೂ ಅವನಿಗೆ ಕಲಿಸಿಲ್ಲ. ಅದನ್ನು ಕಲಿಸುವುದಕ್ಕೇ ವರ್ತನಾ ಚಿಕಿತ್ಸೆ ಎಂದು ಹೆಸರು. ಈಗ ಈ ಚಿಕಿತ್ಸೆಯನ್ನು ಕಂಪ್ಯೂಟರ್, ಮೊಬೈಲ್ ಮೂಲಕವೂ ಕೊಡಲಾಗುತ್ತಿದೆ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಮಂದಿಗೆ ಕುಡಿತದ ವಿಷಯದಲ್ಲಿ ನೆರವು ಬೇಕು. ಆದರೆ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ. ಇದಕ್ಕೆ ವೈದ್ಯರ ಕೊರತೆ ಒಂದು ಕಾರಣ. ನಾಚಿಕೆ ಇನ್ನೊಂದು, ತಳಿ, ಅಂಚೆಟ್ಟಿಯಂಥ ಊರುಗಳಲ್ಲಿ ಯಾರು ಯಾವ ಆಸ್ಪತ್ರೆಗೆ ಹೋದರೆಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಕಂಪ್ಯೂಟರ್ ಯಾರ ಬಳಿಯೂ ಚಾಡಿ ಹೇಳುವುದಿಲ್ಲ.

ಈ ದಾರಿಯಲ್ಲಿ ಮೊದಲು ಹೆಸರಾದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಕ್ಯಾರೋಲ್ ರೂಪಿಸಿದ 'ಸಿಬಿಟಿ ಫಾರ್ ಸಿಬಿಟಿ' ಎಂಬ ಕಾರ್ಯಕ್ರಮ. 2008ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ 77 ಜನರಿದ್ದರು. ಕೆಲವರಿಗೆ ಎಂದಿನ ಚಿಕಿತ್ಸೆ ಮಾತ್ರ ಸಿಕ್ಕಿತು. ಉಳಿದವರು ಅದರ ಜೊತೆಗೆ 8 ವಾರ ಚಿಕಿತ್ಸಾ ಕೇಂದ್ರದಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಪಾಠ ಕಲಿತರು. ಮೂತ್ರ ಪರೀಕ್ಷೆಯಲ್ಲಿ ಈ ಎರಡನೆಯ ಗುಂಪಿನವರ ಫಲಿತಾಂಶ ಉತ್ತಮವಾಗಿತ್ತು. ಪಾಠ ಮುಗಿದು ಆರು ತಿಂಗಳಾದ ಮೇಲೂ ಅದರ ಪ್ರಯೋಜನ ಉಳಿದಿತ್ತು.

ಪಾಠವೆಂದರೆ ಉಪದೇಶವಲ್ಲ. ಮೊದಲು ಒಂದು ಪುಟ್ಟ ಚಿತ್ರ ಬರುತ್ತದೆ: ಒಬ್ಬನಿಗೆ ಹಳೆಯ ಗೆಳೆಯ ಸಿಗುತ್ತಾನೆ, ಕರೆಯುತ್ತಾನೆ, ಅವನು ಸೋಲುತ್ತಾನೆ. ಅದೇ ದೃಶ್ಯ ಮತ್ತೆ ಬರುತ್ತದೆ, ಈ ಸಲ ಅವನು ಸೋಲುವುದಿಲ್ಲ. ನಡುವೆ ಏನು ಬದಲಾಯಿತು ಎಂಬುದೇ ಪಾಠ. ಕುಡಿಯುವ ಮುಂಚೆ ಎಲ್ಲಿದ್ದೆ, ಜೊತೆಗೆ ಯಾರಿದ್ದರು, ಮನಸ್ಸಿನಲ್ಲಿ ಏನಿತ್ತು, ಆಮೇಲೆ ಏನಾಯಿತು ಎಂದು ಬಳಕೆದಾರ ತಾನೇ ಬರೆಯಬೇಕು. ನಾಲ್ಕು ದಿನ ಬರೆದರೆ ಗುಟ್ಟು ಬಯಲಾಗುತ್ತದೆ. ಸಂಬಳದ ದಿನವೋ, ಮೇಸ್ತ್ರಿಯ ಬೈಗುಳವೋ, ಒಂದು ನಿರ್ದಿಷ್ಟ ಬಸ್ ನಿಲ್ದಾಣವೋ ಮತ್ತೆ ಮತ್ತೆ ಕಾಣುತ್ತದೆ. ನಿಲ್ದಾಣವೇ ಕಾರಣವಾದರೆ ಒಂದು ಸ್ಟಾಪ್ ಮೊದಲೇ ಇಳಿದು ನಡೆಯುವುದೂ ಚಿಕಿತ್ಸೆಯೇ!

ಬೇಡ ಎನ್ನುವುದನ್ನೂ ಅಭ್ಯಾಸ ಮಾಡಿಸುತ್ತಾರೆ. 'ಬಾ ಮಚ್ಚಾ, ಒಂದೇ ಕಟಿಂಗ್' ಎಂದವನಿಗೆ 'ಮಾತ್ರೆ ತಗೋತಿದೀನಿ' ಎಂದರೆ ಅವನು ಮುಂದಿನ ವಾರ ಮತ್ತೆ ಬರುತ್ತಾನೆ. ಕಣ್ಣಲ್ಲಿ ಕಣ್ಣಿಟ್ಟು 'ಬೇಡ, ಬಿಟ್ಟಿದೀನಿ' ಎಂದು ಮಾತು ಬದಲಿಸಬೇಕು. ಕುಡಿಯಬೇಕೆಂಬ ಚಡಪಡಿಕೆ ಅಲೆಯಂತೆ ಏರಿ ಇಳಿಯುತ್ತದೆ, ಏರಿದ್ದು ಹಾಗೇ ನಿಲ್ಲುವುದಿಲ್ಲ ಎಂಬುದು ಇನ್ನೊಂದು ಪಾಠ.

ಆಮೇಲೆ ಬಂದದ್ದು 'ರೀಸೆಟ್' ಎಂಬ ಮೊಬೈಲ್ ತಂತ್ರಾಂಶ. 507 ಜನರ ಮೇಲೆ 12 ವಾರ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದಕ್ಕೆ ಆಧಾರ. ವೈದ್ಯರು ಔಷಧದಂತೆ ಚೀಟಿ ಬರೆದು ಕೊಡಬಹುದಾದ ತಂತ್ರಾಂಶವೆಂದು 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಅನುಮತಿ ಕೊಟ್ಟಿತು. ಆದರೂ ವಿಮಾ ಕಂಪನಿಗಳು ಹಣ ಕೊಡಲು ಮುಂದೆ ಬರಲಿಲ್ಲ. 2023ರ ಏಪ್ರಿಲ್‌ನಲ್ಲಿ ಪೇರ್ ಥೆರಪ್ಯೂಟಿಕ್ಸ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಗುಣ ಇದ್ದರೂ ದುಡ್ಡು ಕೊಡುವವರಿಲ್ಲದಿದ್ದರೆ ಚಿಕಿತ್ಸೆ ನಡೆಯದು.

ನಮ್ಮ ದೇಶಕ್ಕೂ ಇದು ಹೊಸತಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿತ ತಗ್ಗಿಸುವ ಸ್ವಸಹಾಯ ಜಾಲತಾಣವನ್ನು ಬೆಲಾರಸ್, ಬ್ರೆಜಿಲ್, ಮೆಕ್ಸಿಕೊಗಳ ಜೊತೆ ಭಾರತದಲ್ಲೂ ಪ್ರಯೋಗಕ್ಕೆ ತಂದಿತ್ತು. ಇಲ್ಲಿ ಆ ಹೊಣೆ ಏಮ್ಸ್‌ನದಾಗಿತ್ತು. ಆದರೆ ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಈ ಗಡಿ ಸೀಮೆಗೆ ಬರೀ ಅನುವಾದ ಸಾಲದು. ಯೇಲ್ ತಂಡ ಸ್ಪ್ಯಾನಿಷ್ ಭಾಷಿಕರಿಗಾಗಿ ಪಾಠವನ್ನು ಅವರ ಟಿವಿ ಧಾರಾವಾಹಿಯ ಮಾದರಿಯಲ್ಲಿ ಹೊಸದಾಗಿ ಚಿತ್ರಿಸಿತು. ಡೆಂಕಣಿಕೋಟೆಯ ರೈತನಿಗೂ ಪರದೆಯ ಮೇಲೆ ತನ್ನೂರಿನ ಜಾತ್ರೆ, ಮದುವೆ ಮನೆ ಕಾಣಬೇಕು.

ಒಂದು ಎಚ್ಚರಿಕೆ ಮಾತ್ರ ಮರೆಯುವಂತಿಲ್ಲ. ಪ್ರತಿದಿನ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಅಂಥವರಿಗೆ ಮೊದಲು ವೈದ್ಯರು, ಔಷಧ, ಪಾಠ ಆಮೇಲೆ. ಮನೆಮಂದಿಗೆಲ್ಲ ಒಂದೇ ಫೋನ್ ಇರುವಲ್ಲಿ ಬರೆದಿಟ್ಟ ಗುಟ್ಟು ಗುಟ್ಟಾಗಿ ಉಳಿಯುವುದೂ ಕಷ್ಟ.

ವ್ಯಸನ ಚಿಕಿತ್ಸಾ ಕೇಂದ್ರವಿರುವ ನಿಮ್ಹಾನ್ಸ್ ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ಇದೆ, ಇಲ್ಲಿಂದ ಸುಮಾರು 40 ಕಿಲೋಮೀಟರ್. ಅಷ್ಟು ದೂರ ಹೋಗಲಾರದವರು ಮಾದಕ ವ್ಯಸನ ಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416. ಇದರಲ್ಲಿ ಕನ್ನಡವನ್ನೂ ಆಯ್ದುಕೊಳ್ಳಬಹುದು.