ಹೊಗೆ ಹಾಕಿದ ಕೋಳಿ ಬಸ್ ಹತ್ತಬಾರದು!

ಬಂದಳಿಕೆ: ಶಿಕಾರಿಪುರ ತಾಲ್ಲೂಕಿನ ಈ ಊರಿನ ಹೆಸರು ಹೇಳಿದರೆ ಓದಿದವರಿಗೆ ನೆನಪಾಗುವುದು ಹಾಳುಬಿದ್ದ ಗುಡಿಗಳು, ಶಾಂತಿನಾಥ ಬಸದಿ, ಶಾಸನದ ಕಲ್ಲುಗಳು. ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತವನ್ನೇ ನಡೆಸಿದ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳು ಹತ್ತನೇ ಶತಮಾನದಲ್ಲಿ ಅನ್ನ ನೀರು ಬಿಟ್ಟು ಪ್ರಾಣ ಬಿಟ್ಟಿದ್ದು ಇಲ್ಲೇ. ಅಂಥ ಊರಿನ ಹೆಸರು ಹಿಡಿದು ಕೋಳಿ ಮಾತು ಎತ್ತುವುದು ಸರಿಯೋ ತಪ್ಪೋ, ಬಲ್ಲವರು ಹೇಳಲಿ. ಆದರೆ ಮಳೆಗಾಲದಲ್ಲಿ ಶಿರಾಳಕೊಪ್ಪದ ಕಡೆಯಿಂದ ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಬಸದಿಗಿಂತ ಮೊದಲು ಬೀಳುವುದು ಮೆಕ್ಕೆಜೋಳ. ಕೆಲವರ ಬಾಯಲ್ಲಿ ಗೋವಿನಜೋಳ.

ಈ ಜೋಳ ಬೆಳೆದವನ ಹೊಟ್ಟೆಗೆ ಹೋಗುವುದು ಕಡಿಮೆ. ಆಗಸ್ಟ್ ಸೆಪ್ಟೆಂಬರಿನಲ್ಲಿ ನಾಲ್ಕು ಹಾಲುತೆನೆ ಮುರಿದು ಕೆಂಡದ ಮೇಲೆ ಸುಟ್ಟು ತಿಂದರೆ ಅಲ್ಲಿಗೆ ಮುಗೀತು. ಉಳಿದದ್ದೆಲ್ಲ ಒಣಗಿ, ಮಿಷಿನ್ನಿಗೆ ಬಿದ್ದು, ಚೀಲ ಸೇರಿ, ಲಾರಿ ಹತ್ತಿ, ಬಹುಪಾಲು ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿಂದ ಫಾರಂಗೆ. ಕೊನೆಗೆ ಅದೇ ಜೋಳ ಎರಡು ಕಾಲು, ಎರಡು ರೆಕ್ಕೆ ಹಚ್ಚಿಕೊಂಡು ಚಿಕನ್ ಅಂಗಡಿಗೆ ವಾಪಸ್ ಬರುತ್ತೆ! 2 ಕೆ.ಜಿ. ತೂಗುವ ಬ್ರಾಯ್ಲರ್ ಕೋಳಿ ತನ್ನ ಆರು ವಾರದ ಆಯುಸ್ಸಿನಲ್ಲಿ 3 ಕೆ.ಜಿ.ಗೂ ಮೇಲ್ಪಟ್ಟು ಆಹಾರ ತಿಂದಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳವೇ.

ಈಗ ಈ ಕೋಳಿಯೂ ಜೋಳವೂ ಒಂದೇ ಡ್ರಮ್ಮಿನಲ್ಲಿ ಸೇರುವ ಕಾಲ ಬಂದಿದೆ. ಫೋನಿನಲ್ಲಿ ಅಮೆರಿಕದವರ ವಿಡಿಯೋ ನೋಡಿ, ಹಿತ್ತಿಲಲ್ಲಿ ಹಳೇ ಡ್ರಮ್ಮಿಗೆ ತೂತು ಕೊರೆದು, ಒಳಗೆ ಜಾಲರಿ ಕೂರಿಸಿ ಕೋಳಿಗೆ ಹೊಗೆ ಹಾಕುವ ಹವ್ಯಾಸ ಹುಡುಗರಿಗೆ ಹತ್ತಿದೆ. ತಪ್ಪೇನಿಲ್ಲ. ಮಲೆನಾಡಿನವರಿಗೆ ಹೊಗೆ ಹೊಸದೂ ಅಲ್ಲ.

ಹಿಂದೆ ಅಡಿಗೆಮನೆಯ ಒಲೆ ಮೇಲೆ ಒಂದು ಅಟ್ಟ ಇರುತ್ತಿತ್ತು. ಬಿತ್ತನೆಗೆ ಆರಿಸಿದ ತೆನೆಗಳನ್ನು ಸಿಪ್ಪೆ ಸಮೇತ ಜಡೆ ಹಾಕಿ ಅಲ್ಲಿ ತೂಗುಬಿಟ್ಟರೆ ಮುಂದಿನ ಮುಂಗಾರಿನವರೆಗೆ ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಹತ್ತುಮೀನೂ ಆ ಹೊಗೆಯಲ್ಲೇ ಒಣಗುತ್ತಿತ್ತು. ಕೊಡಗಿನವರು ಹಂದಿ ಮಾಂಸಕ್ಕೆ ಉಪ್ಪು, ಅರಿಸಿನ ಹಚ್ಚಿ ಒಲೆ ಮೇಲೆ ಕಟ್ಟಿ ಮಳೆಗಾಲ ಕಳೆಯುತ್ತಿದ್ದರು. ನಾಟಿಕೋಳಿ ವಿಷಯ ಬೇರೆ. ಅದನ್ನು ಪುಕ್ಕ ಕಿತ್ತು ಉರಿಯಲ್ಲಿ ಸುಟ್ಟು, ಅರಿಸಿನ ಹಚ್ಚಿ ತೊಳೆದು ಸಾರಿಗೆ ಹಾಕೋದು. ಹಳ್ಳಿ ಕೋಳಿಸಾರಿನ ಪರಿಮಳದಲ್ಲಿ ಮಸಾಲೆಯದು ಎಷ್ಟೋ, ಆ ಸುಟ್ಟ ಚರ್ಮದ್ದೂ ಅಷ್ಟೇ.

ಆ ಹೊಗೆ ಮನೆ ಬಿಟ್ಟು ಹೋಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ಎಂಬತ್ತರ ದಶಕದಲ್ಲಿ ಚಿಮಣಿ ಇರುವ ಅಸ್ತ್ರ ಒಲೆ ತಂದರು. ಆಮೇಲೆ ಗ್ಯಾಸ್ ಬಂತು, 2016ರಲ್ಲಿ ಉಜ್ವಲ ಯೋಜನೆ ಬಂತು. ಹೆಂಗಸರ ಕಣ್ಣು, ಎದೆಗೂಡು ಬದುಕಿಕೊಂಡವು. ಹಳೇ ಹೊಗೆ ಹೋಯಿತಲ್ಲ ಅಂತ ಕೊರಗುವವರು ಒಂದು ವಾರ ಆ ಒಲೆ ಊದಿ ನೋಡಲಿ.

ತಕರಾರು ಇರುವುದು ಬೇರೆ ಕಡೆ. ಹೊಗೆ ಹೋದರೂ ಅದರ ಮೇಲಿನ ನಂಬಿಕೆ ಹೋಗಿಲ್ಲ. ‘ಹೊಗೆ ಹಾಕಿದ್ದಲ್ವಾ, ಕೆಡೋದಿಲ್ಲ ಬಿಡು’ ಅನ್ನುವ ಮಾತು ಇನ್ನೂ ಬಾಯಲ್ಲಿದೆ. ಭಾನುವಾರ ಡ್ರಮ್ಮಿನಲ್ಲಿ ಬೇಯಿಸಿದ ಕೋಳಿಯನ್ನು ಪೇಪರಿನಲ್ಲಿ ಸುತ್ತಿ, ಬೆಂಗಳೂರಿನ ಮಗನಿಗೋ ಶಿವಮೊಗ್ಗದ ಭಾವನಿಗೋ ಬಸ್ಸಿನಲ್ಲಿ ಕಳಿಸುವ ಆಸೆ ಹುಟ್ಟುವುದು ಈ ಮಾತಿನಿಂದಲೇ. ಹೊಟ್ಟೆ ಕೆಡುವುದೂ ಅಲ್ಲೇ.

ಅಟ್ಟದ ಮೀನು, ಮಾಂಸ ಕೆಡದೆ ಉಳಿದದ್ದು ಬರೀ ಹೊಗೆಯಿಂದಲ್ಲ. ಮೊದಲು ಕೈತುಂಬ ಉಪ್ಪು. ಆಮೇಲೆ ದಿನಗಟ್ಟಲೆ, ವಾರಗಟ್ಟಲೆ ಒಲೆಯ ಶಾಖಕ್ಕೆ ಒಳಗಿನ ನೀರು ಇಂಗುವುದು. ಒಣಕಲಾದ ಮೇಲೆ ಹೊಗೆ ಅದಕ್ಕೆ ಒಂದು ಅಂಗಿ ತೊಡಿಸಿದ ಹಾಗೆ. ಡ್ರಮ್ಮಿನ ಕೋಳಿ ಹಾಗಲ್ಲ. ಎರಡು ಗಂಟೆ ಬೆಂದು ಇಳಿದ ಮೇಲೂ ಒಳಗೆ ರಸ ತುಂಬಿರುತ್ತದೆ. ಆ ರಸಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಪಾಡು? ರೋಗಾಣುಗಳಿಗೂ ಅದೇ ರಸ ಬೇಕು. ಅಂದರೆ ಈ ಹೊಗೆ ರುಚಿಗೆ ಮಾತ್ರ, ಬಾಳಿಕೆಗಲ್ಲ. ಮಾಮೂಲಿ ಕೋಳಿ ಪಲ್ಯಕ್ಕೆ ಇರುವ ಕಾನೂನೇ ಇದಕ್ಕೂ: ಬಿಸಿ ಇದ್ದಾಗ ತಿನ್ನಬೇಕು, ಇಲ್ಲಾ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು.

ಮಾಡುವ ಕ್ರಮ ಕಷ್ಟದ್ದಲ್ಲ, ಅವಸರದ್ದೂ ಅಲ್ಲ. ಅಂಗಡಿಯಲ್ಲಿ ಚರ್ಮ ಸಮೇತ ಕೇಳಿ, ಬೆನ್ನುಮೂಳೆಯ ಪಕ್ಕ ಸೀಳಿಸಿ ಪುಸ್ತಕದಂತೆ ಬಿಡಿಸಿಕೊಳ್ಳಬೇಕು. ಚರ್ಮ ಸುಲಿದದ್ದಾದರೆ ಎಣ್ಣೆ ಸವರದಿದ್ದರೆ ಒಣಗಿ ಕೊರಡಾಗುತ್ತೆ. ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ನೆನೆಸಿ, ಒರೆಸಿ, ಅರಿಸಿನ, ಮೆಣಸು, ಬೆಳ್ಳುಳ್ಳಿ ತಿಕ್ಕಿದರೆ ಸಾಕು. ಡ್ರಮ್ಮಿನಲ್ಲಿ ಕೆಂಡ ಒಂದು ಮಗ್ಗುಲಿಗೆ, ಕೋಳಿ ಇನ್ನೊಂದು ಮಗ್ಗುಲಿಗೆ, ಕೋಳಿ ಕೆಳಗೆ ನೀರಿನ ತಟ್ಟೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಕ್ಯಾನ್ಸರ್ ತರುವ ಪದಾರ್ಥ ಇರುತ್ತೆ, ಅದಕ್ಕೇ ಈ ತಟ್ಟೆ. ಒಳಗಿನ ಶಾಖ 120 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಎರಡು, ಎರಡೂವರೆ ಗಂಟೆ ಹಿಡಿಯುತ್ತೆ. ತೆಳ್ಳಗೆ ನೀಲಿ ಹೊಗೆ ಬಂದರೆ ಒಳ್ಳೆಯದು. ಬಿಳಿ ಹೊಗೆ ದಟ್ಟವಾಗಿ ಸುತ್ತಿಕೊಂಡರೆ ಗಾಳಿ ಸಾಲದು ಅಂತ ಅರ್ಥ, ಕೋಳಿ ಕಹಿ. ಮಳೆ ಬಂತು ಅಂತ ಡ್ರಮ್ಮನ್ನು ಕೊಟ್ಟಿಗೆಯೊಳಗೆ ಎಳೆದುಕೊಳ್ಳುವುದು ಮಾತ್ರ ಬೇಡ, ಕೆಂಡದ ವಿಷಗಾಳಿಗೆ ವಾಸನೆಯೇ ಇಲ್ಲ.

ಬೆಂದಿದೆಯೋ ಇಲ್ಲವೋ ಅನ್ನೋದನ್ನು ಬಣ್ಣ ನೋಡಿ ಹೇಳಲಾಗದು. ಹೊಗೆಯ ಗಾಳಿ ತಾಗಿದ ಮಾಂಸ ಚರ್ಮದ ಕೆಳಗೆ ಗುಲಾಬಿ ತಿರುಗುತ್ತದೆ, ಅದು ಹಸಿಯಲ್ಲ. ಮೂಳೆ ಹತ್ತಿರ ಬೆಳ್ಳಗೆ ಕಂಡದ್ದು ಹಸಿ ಇದ್ದರೂ ಇರಬಹುದು. ಕಡ್ಡಿಯಂಥ ಥರ್ಮಾಮೀಟರನ್ನು ತೊಡೆಯ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ತೋರಿಸಿದರೆ ಇಳಿಸಬಹುದು. ಡ್ರಮ್ಮಿಗೆ ದುಡ್ಡು ಹಾಕಿದವರು ಅದಕ್ಕೂ ಇಷ್ಟು ಹಾಕಲಿ.

ಡ್ರಮ್ ಅಂದಾಗ ಒಂದು ಮಾತು. ಡಾಂಬರು, ಕೀಟನಾಶಕ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಅಡಿಗೆಗೆ ಬರುವುದಿಲ್ಲ. ಸತುವಿನ ಲೇಪ ಇರುವುದೂ ಬೇಡ. ಕಟ್ಟಿಗೆಯಲ್ಲಿ ಪ್ಲೈವುಡ್ ತುಂಡು, ಬಣ್ಣ ಬಳಿದ ಕಿಟಕಿ, ಹೊಳೆಗೇರು, ಕಾಸರಕ, ಕಣಗಿಲೆ ಹತ್ತಿರ ತರಬಾರದು. ನೀಲಗಿರಿ ಹಾಕಿದರೆ ಕೋಳಿ ಕೆಮ್ಮಿನ ಔಷಧದಂತೆ ನಾರುತ್ತೆ. ಮಾವು, ಪೇರಲ ಒಳ್ಳೆಯದು.

ಕಟ್ಟಿಗೆ ಆರಿಸಲು ಕಾಡಿಗೆ ನುಗ್ಗುವ ಮೊದಲು ಪಕ್ಕದ ಸೊರಬ ತಾಲ್ಲೂಕನ್ನು ನೆನಪಿಸಿಕೊಳ್ಳಬೇಕು. 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದ ಕ್ಯಾಸನೂರು ಕಾಡು ಅಲ್ಲಿಯದೇ. ಮಂಗನ ಕಾಯಿಲೆಗೆ ಲೋಕವೆಲ್ಲ ಆ ಕಾಡಿನ ಹೆಸರನ್ನೇ ಇಟ್ಟಿದೆ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಕಾಟ ಜೋರು. ಕಾಡಿನ ಸೊಪ್ಪು, ಪುಳ್ಳೆ ತರುವವರಿಗೇ ಅದು ಮೊದಲು ಹತ್ತುವುದು. ಒಂದು ಕೋಳಿಯ ರುಚಿಗೆ ಅಷ್ಟು ದೂರ ಹೋಗುವ ಅಗತ್ಯವಾದರೂ ಏನು? ಜೋಳ ಬಿಡಿಸಿದ ಮೇಲೆ ಕಣದಲ್ಲಿ ರಾಶಿ ಬೀಳುವ ದಿಂಡು ಇದೆಯಲ್ಲ, ಬಚ್ಚಲ ಒಲೆಗೆ ತುರುಕುವ ಅದೇ ದಿಂಡು! ಅಮೆರಿಕದ ವರ್ಮಾಂಟ್ ಸೀಮೆಯವರು ಹಂದಿ ತೊಡೆಗೆ ಹೊಗೆ ಹಾಕಲು ಹಿಂದಿನಿಂದ ನೆಚ್ಚಿಕೊಂಡಿರುವುದು ಜೋಳದ ದಿಂಡನ್ನೇ. ಚೆನ್ನಾಗಿ ಒಣಗಿರಬೇಕು, ಬೂಸ್ಟು ಹಿಡಿದಿರಬಾರದು, ಅಷ್ಟೇ.

ತೆನೆಯದು ಸುಲಭದ ಕೆಲಸ. ಒಣಗಿದ ತೆನೆ ಆಗದು, ಉಗುರು ಊರಿದರೆ ಹಾಲು ಚಿಮ್ಮುವಂಥದ್ದು ಬೇಕು. ಸಿಪ್ಪೆ ಬಿಡಿಸಿ, ಒಳಗಿನ ಕೂದಲು ತೆಗೆದು, ಮತ್ತೆ ಸಿಪ್ಪೆ ಮುಚ್ಚಿ ಅರ್ಧ ಗಂಟೆ ನೀರಿನಲ್ಲಿಡಬೇಕು. ಕೋಳಿಯ ಪಕ್ಕ ಮುಕ್ಕಾಲು ಗಂಟೆ ಇದ್ದರೆ ತನ್ನ ಹಬೆಯಲ್ಲೇ ಬೇಯುತ್ತೆ. ಉಪ್ಪು, ಖಾರದಪುಡಿ, ನಿಂಬೆಹೋಳು. ಬಸ್ ಸ್ಟ್ಯಾಂಡಿನ ಸುಟ್ಟ ತೆನೆಯ ಚುರುಕು ಇದಕ್ಕೆ ಬರುವುದಿಲ್ಲ ಅನ್ನುವವರ ಮಾತಿನಲ್ಲೂ ಹುರುಳಿದೆ.

ಇನ್ನು ಪೇಪರಿನಲ್ಲಿ ಸುತ್ತುವ ವಿಚಾರ. ಅಚ್ಚಿನ ಶಾಯಿ ಬಿಸಿ ಕೊಬ್ಬಿಗೆ ಅಂಟುತ್ತೆ, ಆಹಾರ ಸುರಕ್ಷತಾ ಪ್ರಾಧಿಕಾರದವರು ಇದನ್ನು ಬೇಡ ಅಂತ ಹೇಳಿ ಆಗಿದೆ. ಅಂಗಡಿಯವರಿಗೆ ಈ ಮಾತು ರುಚಿಸದಿರಬಹುದು, ಆದರೆ ಈ ಸಂಜೆ ಪತ್ರಿಕೆಗೂ ಅದು ಅನ್ವಯಿಸುತ್ತೆ. ಬಾಳೆಎಲೆ ಇದೆ, ಡಬ್ಬಿ ಇದೆ. ಊರಿನ ರುಚಿಯನ್ನು ಬೆಂಗಳೂರಿಗೆ ಕಳಿಸಲೇಬೇಕು ಅನ್ನುವವರು ರಾತ್ರಿ ಬಸ್ಸಿಗೆ ಒಂದು ಚೀಲ ಒಣದಿಂಡು ಹಾಕಿ ಕಳಿಸಲಿ. ಕೋಳಿ ಅಲ್ಲೇ ಸಿಗುತ್ತೆ.