ಗಣಿಯ ಸುಣ್ಣಕಲ್ಲು, ಗುಂಜಿಯ ಹೊಲ

ಖಾನಾಪುರ ತಾಲ್ಲೂಕಿನ ನಮ್ಮ ಗುಂಜಿಯಲ್ಲಿ ಮಳೆ ಜಾಸ್ತಿ. ಮಣ್ಣಿನೊಳಗಿನ ಸುಣ್ಣ ನೀರಿನ ಜೊತೆ ತೊಳೆದು ಹೋಗಿ ಕೆಂಪು ನೆಲ ಹುಳಿಯಾಗಿದೆ. ನೀರಾವರಿ ಇಲ್ಲದ ನನ್ನ ಹೊಲದಲ್ಲಿ ಶೇಂಗಾ ಬಳ್ಳಿ ಚಲೋ ಬಂದರೂ ಕಾಯಿ ಜೊಳ್ಳು. ಮಣ್ಣು ಪರೀಕ್ಷೆ ಮಾಡಿಸಿದಾಗ ಸುಣ್ಣ ಹಾಕಿರಿ ಅಂದರು. ಒಬ್ಬ ವ್ಯಾಪಾರಿ ಅಗ್ಗಕ್ಕೆ ಒಂದು ಲೋಡ್ ಸುಣ್ಣಕಲ್ಲಿನ ಪುಡಿ ಇಳಿಸಿ ಹೋದ. ಎರಡು ವರ್ಷ ಕಳೆದರೂ ಹೊಲದಲ್ಲಿ ಕಲ್ಲಿನ ಹರಳು ಹಾಗೇ ಬಿದ್ದಿದ್ದವು. ದುಡ್ಡು ಹೋಯಿತು, ಕಾಯಿ ತುಂಬಲಿಲ್ಲ.

ಯಾಕೆ ಹಿಂಗಾಯ್ತು ಅಂತ ತಿಳಿದದ್ದು ಬೀಗರ ಊರಿಗೆ ಹೋದಾಗ. ಅವರದು ಮುಧೋಳ ತಾಲ್ಲೂಕಿನ ಲೋಕಾಪುರದ ಕಡೆ. ಅಲ್ಲಿ ನೆಲದಡಿ ಸುಣ್ಣಕಲ್ಲು. ಗಣಿಯಲ್ಲಿ ಮೊದಲು ಮೇಲಿನ ಮಣ್ಣು ತೆಗೆದು ಬೇರೆ ಗುಡ್ಡೆ ಹಾಕಬೇಕು. ಅದು ಕಲ್ಲಿನ ಜೊತೆ ಬೆರೆತು ಹೋದರೆ ಆ ನೆಲ ಮತ್ತೆ ಬೇಸಾಯಕ್ಕೆ ಬಾರದು. ಬಂಡೆ ಕಂಡ ಮೇಲೆ ಸಾಲಾಗಿ ತೂತು ಕೊರೆದು, ಮದ್ದು ತುಂಬಿ, ಜನರನ್ನು ದೂರ ಕಳಿಸಿ, ಸೈರನ್ ಊದಿ ಹಾರಿಸುತ್ತಾರೆ. ಒಮ್ಮೆಲೇ ಆಳಕ್ಕೆ ಇಳಿಯುವುದಿಲ್ಲ. ಗೋಡೆ ಕುಸಿಯಬಾರದೆಂದು ಬಾವಿಯ ಮೆಟ್ಟಿಲಿನಂತೆ ಹಂತ ಹಂತವಾಗಿ ಕಡಿಯುತ್ತಾರೆ. ಕಲ್ಲು ಟಿಪ್ಪರಿನಲ್ಲಿ ಕ್ರಷರಿಗೆ ಹೋಗುತ್ತದೆ. (ನಮ್ಮ ಮನೆಗಳಿಗೆ ಹಾಸುವ ಶಹಾಬಾದ ಫರ್ಶಿಯೂ ಸುಣ್ಣಕಲ್ಲೇ. ಪದರ ಪದರ ಇರುವುದರಿಂದ ಅದನ್ನು ಹಾರೆ, ಉಳಿ ಹಾಕಿ ಎಬ್ಬಿಸುತ್ತಾರೆ.)

ಕ್ರಷರಿನಲ್ಲಿದ್ದ ಹುಡುಗನಿಗೆ ನನ್ನ ಕತೆ ಹೇಳಿದೆ. ನಕ್ಕುಬಿಟ್ಟ. "ಕಾಕಾ, ನಿಮಗ ಕೊಟ್ಟದ್ದು ಜರಡಿ ಮ್ಯಾಲಿಂದು. ಹೊಲಕ್ಕ ಹಿಟ್ಟು ಬೇಕ್ರಿ."

ವಿಷಯ ಇಷ್ಟೇ. ಮಣ್ಣಿನ ಹುಳಿ ಕಲ್ಲಿನ ಮೈಗೆ ತಾಗಿದಷ್ಟೇ ಕೆಲಸ. ದಪ್ಪ ಹರಳು ಕರಗಲು ವರ್ಷಗಟ್ಟಲೆ ಬೇಕು. ಶುದ್ಧ ಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ, ಅದನ್ನು ನೀರು ಹಾಕಿ ಅರಳಿಸಿದರೆ 74 ಕಿಲೋ. ಹೊಲದಲ್ಲಿ ಈ ಮೂರರ ಬಲವೂ ಒಂದೇ. ದರ ಕೇಳುವಾಗ ಈ ಲೆಕ್ಕ ಹಾಕಿರಿ. ಸುಟ್ಟ ಸುಣ್ಣ ಕೈ, ಕಣ್ಣು ಸುಡುತ್ತದೆ, ಜೋಪಾನ. ಯಾವ ಸುಣ್ಣವನ್ನೂ ಯೂರಿಯಾ, ತಿಪ್ಪೆಗೊಬ್ಬರದ ಜೊತೆ ಕಲಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಎಕರೆಗೆ ಎಷ್ಟೆಂಬುದನ್ನು ಮಣ್ಣು ಪರೀಕ್ಷೆಯ ಚೀಟಿ ನೋಡಿಯೇ ಹಾಕಬೇಕು.

ಈ ಸಲ ಮೊದಲು ಒಂದು ಸೇರು ಮಾದರಿ ತರಿಸಿ ಮನೆಯ ಹಿಟ್ಟಿನ ಜರಡಿಯಲ್ಲಿ ಸೋಸಿದೆ. ನಾಲ್ಕು ಪಾಲಿನಲ್ಲಿ ಮೂರು ಪಾಲು ಕೆಳಗಿಳಿಯಿತು. ಜರಡಿ ಕೆಡಿಸಿದ್ದಕ್ಕೆ ಮನೆಯಾಕೆಯಿಂದ ಬೈಸಿಕೊಂಡೆ. ಬಿತ್ತುವ ಮೂರು ವಾರ ಮೊದಲು 10 ಗುಂಟೆಗೆ ಮಾತ್ರ ಹಾಕಿದ್ದೇನೆ. ಪಕ್ಕದ 10 ಗುಂಟೆ ಹಾಗೇ ಬಿಟ್ಟಿದ್ದೇನೆ. ಶೇಂಗಾ ಕಿತ್ತ ಮೇಲೆ ಎರಡನ್ನೂ ತೂಗಿ ನೋಡುವವನಿದ್ದೇನೆ.